ಇಷ್ಟದ ಹಾಡು ಏಕೆ ಬಿಡದೆ ಕಾಡುತ್ತದೆ? ನೀವೇ ಬಿಡಿಸಿ ನೋಡುವ ಬಗೆ

ಓದುಗರಿಂದ ಒಂದೇ ಪ್ರಶ್ನೆ ಬೇರೆ ಬೇರೆ ಮಾತುಗಳಲ್ಲಿ ಮತ್ತೆ ಮತ್ತೆ ಬರುತ್ತಿದೆ: “ಈ ಹಾಡನ್ನು ನೂರಾರು ಸಲ ಕೇಳಿದ್ದೇನೆ. ಆದರೂ ಆ ಒಂದು ಸಾಲು ಬಂದಾಗ ಗಂಟಲು ಕಟ್ಟುತ್ತದೆ. ಅದರಲ್ಲಿ ಅಂಥದ್ದೇನಿದೆ? ಸಂಗೀತ ಕಲಿಯದ ನಾನು ಅದನ್ನು ಕಂಡುಕೊಳ್ಳಬಹುದೇ?” ಕಂಡುಕೊಳ್ಳಬಹುದು. ಅದಕ್ಕೆ ವರ್ಷಗಟ್ಟಲೆ ಅಭ್ಯಾಸ ಬೇಡ; ಒಂದು ಹಾಡಿಗೆ ಮೂರು ನಾಲ್ಕು ಸಂಜೆಗಳನ್ನು ಕೊಡುವ ತಾಳ್ಮೆ ಇದ್ದರೆ ಸಾಕು.

“ರಾಗ ಹಾಗಿದೆ”, “ಸಾಹಿತ್ಯ ಸೊಗಸಾಗಿದೆ”, “ಹಾಡಿದವರ ದನಿಯೇ ಹಾಗೆ” ಎಂಬ ಮಾತುಗಳನ್ನು ನಾವು ಉತ್ತರಗಳೆಂದು ತಿಳಿಯುತ್ತೇವೆ. ಅದೇ ರಾಗದಲ್ಲಿ, ಅದೇ ದನಿಯಲ್ಲಿ, ಅಷ್ಟೇ ಸೊಗಸಾದ ಮಾತುಗಳಿರುವ ಎಷ್ಟೋ ಹಾಡುಗಳು ನಮ್ಮನ್ನು ತಟ್ಟದೆ ಹೋಗಿರುವುದರಿಂದ, ಈ ಉತ್ತರಗಳು ಹೆಚ್ಚೆಂದರೆ ಹುಡುಕಬೇಕಾದ ಬೀದಿಯನ್ನು ತೋರಿಸುತ್ತವೆ, ಮನೆಯನ್ನಲ್ಲ. ಈ ಲೇಖನದ ವಿಧಾನ ಎರಡು ನಿಯಮಗಳ ಮೇಲೆ ನಿಂತಿದೆ. ಕಾರಣವನ್ನು ಇಡೀ ಹಾಡಿನಲ್ಲಿ ಹುಡುಕದೆ ಒಂದು ನಿರ್ದಿಷ್ಟ ಕ್ಷಣದಲ್ಲಿ ಹುಡುಕಬೇಕು. ಸಿಕ್ಕಿತೆಂದು ತೋರಿದ ಕಾರಣವನ್ನು ಬದಲಿಸಿ ನೋಡಿ ಪರೀಕ್ಷಿಸಬೇಕು.

ಏನೇನು ಬೇಕು

ಕಿವಿಗೆ ಸರಿಯಾಗಿ ಕೂರುವ ಒಂದು ಜೊತೆ ಹೆಡ್‌ಫೋನ್ ಬೇಕು. ಫೋನಿನ ಪುಟ್ಟ ಸ್ಪೀಕರಿನಲ್ಲಿ ಕೆಳಗಿನ ಸ್ವರಗಳು ಬಹುಪಾಲು ಸೋರಿಹೋಗುತ್ತವೆ. ಹಾಡಿನ ಕೆಳಗೆ ಸಾಗುವ ಬೇಸ್ ಗಿಟಾರಿನ ದಾರಿ ಕೇಳದಿದ್ದರೆ ಅರ್ಧ ಸಾಕ್ಷ್ಯವನ್ನೇ ಕಳೆದುಕೊಂಡಂತೆ. ಹಾಡಿನ ಒಳ್ಳೆಯ ಗುಣಮಟ್ಟದ ಧ್ವನಿಮುದ್ರಣ, ಕಾಗದ ಮತ್ತು ಪೆನ್ನು, ಸೆಕೆಂಡು ತೋರಿಸುವ ಪ್ಲೇಯರ್ ಇರಲಿ. ಶ್ರುತಿ ಹಿಡಿಯಲು ತಂಬೂರಿ ಆ್ಯಪ್ ಸಾಕು. ಹಾರ್ಮೋನಿಯಂ ಅಥವಾ ಕೀಬೋರ್ಡ್ ಇದ್ದರೆ, ಅಥವಾ ಫೋನಿನಲ್ಲೇ ಪಿಯಾನೋ ಆ್ಯಪ್ ಇದ್ದರೆ, ಮೂರನೆಯ ಹಂತ ಬಹಳ ಸುಲಭವಾಗುತ್ತದೆ. ಶ್ರುತಿ ಬದಲಾಗದಂತೆ ವೇಗವನ್ನಷ್ಟೇ ತಗ್ಗಿಸುವ ಸೌಲಭ್ಯವೂ ಬೇಕಾಗುತ್ತದೆ. ಯೂಟ್ಯೂಬಿನ ಪ್ಲೇಯರಿನಲ್ಲಿ ಅದು ಇದೆ; ಕಂಪ್ಯೂಟರಿನಲ್ಲಿ ಕೆಲಸ ಮಾಡುವವರಿಗೆ ಆಡಾಸಿಟಿ ಎಂಬ ಉಚಿತ ತಂತ್ರಾಂಶ ಇದೆ.

ಹಾಡನ್ನು ಆರಿಸುವಾಗ ಒಂದು ಎಚ್ಚರಿಕೆ. ಈಚಿನ ವಾರಗಳಲ್ಲಿ ಹುಚ್ಚು ಹಿಡಿಸಿದ ಹಾಡನ್ನು ತೆಗೆದುಕೊಳ್ಳಬೇಡಿ. ಕೆಲವು ವರ್ಷಗಳಾದರೂ ನಿಮ್ಮೊಂದಿಗೆ ಉಳಿದಿರುವ ಹಾಡನ್ನೇ ಆರಿಸಿ. ಬಾಳಿಕೆಯ ಕಾರಣ ಹುಡುಕಬೇಕಾದರೆ ಹಾಡು ಮೊದಲು ಬಾಳಿರಬೇಕು.

ಹಂತ 1: ಕ್ಷಣವನ್ನು ಹಿಡಿಯಿರಿ

ಮೊದಲ ಬಾರಿ ಪೆನ್ನು ಮುಟ್ಟದೆ, ಕಣ್ಣು ಮುಚ್ಚಿ, ಹಾಡನ್ನು ಪೂರ್ತಿ ಕೇಳಿ. ಎರಡನೆಯ ಬಾರಿ ಕೇಳುವಾಗ ದೇಹದಲ್ಲಿ ಏನಾದರೂ ಆದ ಕೂಡಲೇ, ಅಂದರೆ ಮೈ ನವಿರೆದ್ದಾಗ, ಉಸಿರು ಒಂದು ಗಳಿಗೆ ನಿಂತಾಗ, ಕಣ್ಣಂಚು ಒದ್ದೆಯಾದಾಗ, ಪ್ಲೇಯರಿನ ಸಮಯವನ್ನಷ್ಟೇ ಗುರುತು ಹಾಕಿ. ಏಕೆ ಎಂದು ಬರೆಯಬೇಡಿ. ಮಾರನೆಯ ದಿನ, ಮೊದಲ ಗುರುತುಗಳನ್ನು ನೋಡದೆ, ಇದನ್ನೇ ಇನ್ನೊಮ್ಮೆ ಮಾಡಿ. ಎರಡೂ ಪಟ್ಟಿಗಳಲ್ಲಿ ಹೆಚ್ಚುಕಡಿಮೆ ಒಂದೇ ಸೆಕೆಂಡಿಗೆ ಬಿದ್ದ ಗುರುತುಗಳು ಮುಂದಿನ ಕೆಲಸಕ್ಕೆ ಬೇಕಾದವು. ಸಾಮಾನ್ಯವಾಗಿ ಅಂಥವು ಒಂದೋ ಎರಡೋ ಇರುತ್ತವೆ.

ಬಂದ ಪ್ರತಿಕ್ರಿಯೆ ಯಾವ ಬಗೆಯದು ಎಂಬುದನ್ನು ಮಾತ್ರ ತಪ್ಪದೆ ಬರೆದಿಡಿ, ಏಕೆಂದರೆ ಕಣ್ಣೀರಿನ ದಾರಿ ಬೇರೆ, ರೋಮಾಂಚದ ದಾರಿ ಬೇರೆ. ಬ್ರಿಟನ್ನಿನ ಮನೋವಿಜ್ಞಾನಿ ಜಾನ್ ಸ್ಲೊಬೊಡಾ 1991ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ 83 ಕೇಳುಗರಿಂದ ಇಂಥ ಕ್ಷಣಗಳನ್ನೇ ಕೇಳಿ ಪಡೆದು, ಆ ಜಾಗಗಳಲ್ಲಿ ಸಂಗೀತ ಏನು ಮಾಡುತ್ತಿದೆ ಎಂದು ನೋಡಿದ್ದರು. ಕಣ್ಣೀರು ಬಂದ ಕಡೆಗಳಲ್ಲಿ ಹೆಚ್ಚಾಗಿ ಕಂಡದ್ದು, ಮಾಧುರ್ಯದ ಸಾಲು ತಾನು ಸೇರಬೇಕಾದ ಸ್ವರವನ್ನು ನೇರವಾಗಿ ಸೇರದೆ, ಅದರ ಪಕ್ಕದ ಸ್ವರದ ಮೇಲೆ ಒರಗಿ ನಿಂತು, ಆಮೇಲೆ ನೆಲೆಗೆ ಜಾರುವ ಪ್ರಯೋಗ. ಪಾಶ್ಚಾತ್ಯ ಸಂಗೀತದಲ್ಲಿ ಇದನ್ನು ಅಪೊಜಿಯಟುರಾ ಎನ್ನುತ್ತಾರೆ. ರೋಮಾಂಚವಾದ ಕಡೆಗಳಲ್ಲಿ ಕಂಡದ್ದು, ನಿರೀಕ್ಷಿಸದ ಹೊಸ ಸ್ವರಮೇಳ, ಅಂದರೆ ಒಟ್ಟಿಗೆ ನುಡಿಯುವ ಸ್ವರಗಳ ಹೊಸ ಗುಂಪು, ತಟ್ಟನೆ ಎದುರಾಗುವುದು. ಆದ್ದರಿಂದ “ಕಣ್ಣು ಒದ್ದೆಯಾಯಿತು” ಎಂದು ಬರೆದಿದ್ದರೆ ಮೊದಲು ಒರಗಿ ಜಾರುವ ಸ್ವರವನ್ನು ಹುಡುಕಿ; “ಜುಮ್ಮೆಂದಿತು” ಎಂದು ಬರೆದಿದ್ದರೆ ಹಠಾತ್ ತಿರುವನ್ನು ಹುಡುಕಿ.

ಹಂತ 2: ಹಾಡಿನ ನಕ್ಷೆ

ಇದು ಹತ್ತು ನಿಮಿಷದ ಕೆಲಸ. ಪೀಠಿಕೆಯ ವಾದ್ಯಸಂಗೀತ, ಪಲ್ಲವಿ, ಚರಣಗಳು, ಅವುಗಳ ನಡುವೆ ಬರುವ ವಾದ್ಯದ ತುಣುಕುಗಳು, ಮುಕ್ತಾಯ, ಇವು ಎಷ್ಟನೆಯ ಸೆಕೆಂಡಿಗೆ ಆರಂಭವಾಗುತ್ತವೆ ಎಂದು ಒಂದರ ಕೆಳಗೊಂದು ಬರೆದು, ಮೊದಲ ಹಂತದ ಗುರುತನ್ನು ಅದರ ಮೇಲೆ ಕೂರಿಸಿ. ಕ್ಷಣ ಎಲ್ಲಿ ಬಿದ್ದಿದೆ ಎಂಬುದೇ ಒಂದು ಸುಳಿವು. ಪಲ್ಲವಿ ಮೊದಲ ಸಲ ಬಂದಾಗ ಏನೂ ಆಗದೆ, ಚರಣ ಮುಗಿದು ಮರಳಿ ಬಂದಾಗ ಮಾತ್ರ ಮನಸ್ಸು ಕಲಕುವುದಾದರೆ, ಕಾರಣ ಪಲ್ಲವಿಯ ಒಳಗಿಲ್ಲ, ಮರಳುವಿಕೆಯಲ್ಲಿದೆ: ನಡುವೆ ಚರಣ ಹೇಳಿದ ಯಾವುದೋ ಸಂಗತಿ ಅದೇ ಮಾತಿನ ಅರ್ಥವನ್ನು ಬದಲಿಸಿದೆ.

ಹಂತ 3: ಷಡ್ಜವನ್ನು ಹುಡುಕಿ, ಆಮೇಲೆ ಸ್ವರವನ್ನು

ಹೆಚ್ಚಿನವರು ಹೆದರಿ ಬಿಟ್ಟುಬಿಡುವ ಹಂತ ಇದು. ಹೆದರುವಂಥದ್ದು ಇಲ್ಲಿ ಏನೂ ಇಲ್ಲ.

ಷಡ್ಜ, ಅಂದರೆ ‘ಸ’, ಹಾಡಿನ ಮನೆ; ಉಳಿದ ಸ್ವರಗಳೆಲ್ಲ ಅದರಿಂದ ಎಷ್ಟು ದೂರ ಎಂಬುದರಿಂದಲೇ ಅರ್ಥ ಪಡೆಯುತ್ತವೆ. ಅದನ್ನು ಕಂಡುಕೊಳ್ಳಲು ಹಾಡನ್ನು ನಡುವೆ ನಿಲ್ಲಿಸಿ, “ಈಗ ಮುಗಿಯಿತು” ಎನಿಸುವ ಒಂದು ದನಿಯನ್ನು ಗುನುಗಿ. ಬೇರೆ ಬೇರೆ ಕಡೆಗಳಲ್ಲಿ ನಿಲ್ಲಿಸಿ ನೋಡಿದರೂ ಗಂಟಲು ಅದೇ ದನಿಗೆ ಮರಳಿದರೆ ಅದೇ ಷಡ್ಜ. ತಂಬೂರಿ ಆ್ಯಪಿನ ಶ್ರುತಿಯನ್ನು ಅದಕ್ಕೆ ಹೊಂದಿಸಿ. ಪಂಚಮ, ಅಂದರೆ ‘ಪ’, ಷಡ್ಜದೊಂದಿಗೆ ಅಷ್ಟು ಚೆನ್ನಾಗಿ ಬೆರೆಯುವುದಕ್ಕೆ ಕಾರಣ ಅವುಗಳ ಕಂಪನಗಳು 3:2 ಎಂಬ ಸರಳ ಅನುಪಾತದಲ್ಲಿರುವುದು. ಷಡ್ಜ 240 ಹರ್ಟ್ಸ್ (ಸೆಕೆಂಡಿಗೆ 240 ಕಂಪನ) ಆದರೆ ಪಂಚಮ 360, ಮೇಲಿನ ಷಡ್ಜ 480. ಇಲ್ಲಿ ಆಗುವ ತಪ್ಪು ಒಂದೇ: ಈ ಹೊಂದಾಣಿಕೆಯ ದೆಸೆಯಿಂದಲೇ ಪಂಚಮವನ್ನು ಷಡ್ಜವೆಂದು ಹಿಡಿಯುವುದು. ಅನುಮಾನವಿದ್ದರೆ ಹಾಡಿನ ಕೊಟ್ಟಕೊನೆಯ ಸ್ವರವನ್ನು ನೋಡಿ. ಎಲ್ಲ ಹಾಡುಗಳೂ ಷಡ್ಜದಲ್ಲೇ ಮುಗಿಯುವುದಿಲ್ಲ, ಬಹುಪಾಲು ಮುಗಿಯುತ್ತವೆ.

ಷಡ್ಜ ಎಷ್ಟು ಮುಖ್ಯ ಎಂಬುದನ್ನು ಕಿವಿಯಾರೆ ತಿಳಿಯಲು ಕೀಬೋರ್ಡಿನಲ್ಲಿ ಒಂದು ಪ್ರಯೋಗ ಮಾಡಿ. ಕಪ್ಪು ಮನೆಗಳು, ಅಂದರೆ ಕಪ್ಪು ಕೀಲಿಗಳು, ಎರಡರ ಮತ್ತು ಮೂರರ ಗುಂಪುಗಳಲ್ಲಿರುತ್ತವೆ. ಮೂರರ ಗುಂಪಿನ ಮೊದಲನೆಯ ಮನೆಯನ್ನು ಷಡ್ಜವಾಗಿಟ್ಟು, ಅದನ್ನೇ ತಂಬೂರಿಯಲ್ಲೂ ಮೀಟಿಸಿ, ಕಪ್ಪು ಮನೆಗಳನ್ನಷ್ಟೇ ಒತ್ತುತ್ತಾ ಮೇಲೇರಿದರೆ ಮೋಹನ ರಾಗದ ಐದು ಸ್ವರಗಳು ಸಿಗುತ್ತವೆ. ಈಗ ಅದೇ ಕಪ್ಪು ಮನೆಗಳನ್ನು ಬಿಡದೆ, ಮೂರರ ಗುಂಪಿನ ಕೊನೆಯ ಮನೆಯನ್ನು ಷಡ್ಜವಾಗಿಟ್ಟು ಏರಿ: ಅದು ಹಿಂದೋಳ. ಮೂರರ ಗುಂಪಿನ ನಡುವಿನ ಮನೆಯಿಂದ ಏರಿದರೆ ಮಧ್ಯಮಾವತಿ. ಒಂದು ಮನೆಯೂ ಹೆಚ್ಚಿಲ್ಲ, ಕಡಿಮೆಯಿಲ್ಲ. ನಿಂತ ನೆಲ ಬದಲಾಯಿತು, ಭಾವವೂ ಬದಲಾಯಿತು. ಶಾಸ್ತ್ರದಲ್ಲಿ ಇದನ್ನು ಗ್ರಹಭೇದ ಎನ್ನುತ್ತಾರೆ. ಷಡ್ಜ ತಿಳಿಯದೆ “ಈ ಸ್ವರದಲ್ಲಿ ದುಃಖವಿದೆ” ಎಂದು ಹೇಳಲು ಬಾರದು ಎಂಬುದಕ್ಕೆ ಇದಕ್ಕಿಂತ ಸರಳವಾದ ಪುರಾವೆ ನನಗೆ ತಿಳಿದಿಲ್ಲ.

ಎರಡನೆಯ ಪ್ರಯೋಗ ಇನ್ನೂ ಚಿಕ್ಕದು. ಮೋಹನದ ಅದೇ ಸ್ವರಗಳಲ್ಲಿ ‘ಸ ರಿ ಗ ಪ, ಗ ರಿ ಸ’ ಎಂದು ನಿಧಾನವಾಗಿ ನುಡಿಸಿ. ಬಳಿಕ ಗಾಂಧಾರವನ್ನು, ಅಂದರೆ ‘ಗ’ವನ್ನು ಮಾತ್ರ, ಅದರ ಎಡಕ್ಕೆ ಅಂಟಿಕೊಂಡಿರುವ ಬಿಳಿ ಮನೆಗೆ ಇಳಿಸಿ ಅದನ್ನೇ ಮತ್ತೆ ನುಡಿಸಿ. ಈಗ ನೀವು ಶಿವರಂಜಿನಿಯ ಸ್ವರಗಳಲ್ಲಿದ್ದೀರಿ. ಬಿಸಿಲು ಸರಿದು ಮೋಡ ಕವಿದಂತೆ ಅನ್ನಿಸದವರು ಕಡಿಮೆ. ಐದರಲ್ಲಿ ಒಂದೇ ಸ್ವರ, ಅದೂ ಒಂದೇ ಮನೆಯಷ್ಟು ಇಳಿದದ್ದಕ್ಕೆ ಇಷ್ಟು ವ್ಯತ್ಯಾಸ. ಪಾಶ್ಚಾತ್ಯ ಸಂಗೀತದಲ್ಲಿ ಮೇಜರ್, ಮೈನರ್ ಎಂದು ಕರೆಯುವ ಎರಡು ಬಗೆಗಳ ನಡುವಿನ ಮುಖ್ಯ ಅಂತರವೂ ಈ ಗಾಂಧಾರವೇ.

ಇನ್ನು ನಿಮ್ಮ ಹಾಡಿಗೆ ಬನ್ನಿ. ಗುರುತು ಹಾಕಿದ ಕ್ಷಣದ ಹಿಂದಿನ ಹತ್ತು ಸೆಕೆಂಡನ್ನು ಮುಕ್ಕಾಲು ವೇಗದಲ್ಲಿ, ಬೇಕಿದ್ದರೆ ಅರ್ಧ ವೇಗದಲ್ಲಿ ಕೇಳುತ್ತಾ, ಮಾಧುರ್ಯದ ಸಾಲನ್ನು ಗುನುಗಿ, ಒಂದೊಂದು ದನಿಗೂ ಕೀಬೋರ್ಡಿನಲ್ಲಿ ಮನೆ ಹುಡುಕಿ ಬರೆಯಿರಿ. ಇಡೀ ಹಾಡಿನ ಸ್ವರಪ್ರಸ್ತಾರ ಬೇಡವೇ ಬೇಡ. ಹತ್ತೇ ಸೆಕೆಂಡು ಸಾಕು. ಬರೆದಾದ ಮೇಲೆ ಈ ಪ್ರಶ್ನೆಗಳನ್ನು ಕೇಳಿಕೊಳ್ಳಿ. ಹಾಡಿನ ಅತಿ ಎತ್ತರದ ಸ್ವರ ಇಲ್ಲಿಯೇ ಬರುತ್ತದೆಯೇ? ಅದುವರೆಗೆ ಬಾರದ ಹೊಸ ಸ್ವರವೊಂದು ಇಲ್ಲಿ ಸುಳಿದಿದೆಯೇ? ಸಾಲು ಷಡ್ಜಕ್ಕೆ ಬಂದು ನಿಲ್ಲುತ್ತದೆಯೇ, ಅಥವಾ ನಿಷಾದದಲ್ಲೋ ರಿಷಭದಲ್ಲೋ ತೂಗಾಡುತ್ತಾ ಬಿಟ್ಟುಹೋಗುತ್ತದೆಯೇ? ಕೆಳಗಿನ ವಾದ್ಯಗಳಲ್ಲಿ ಕಾರ್ಡ್, ಅಂದರೆ ಮೂರು ಅಥವಾ ಹೆಚ್ಚು ಸ್ವರಗಳನ್ನು ಒಟ್ಟಿಗೆ ನುಡಿಸುವ ಗುಂಪು, ಈ ಕ್ಷಣದಲ್ಲಿ ಬದಲಾಗುತ್ತದೆಯೇ? ಕೊನೆಯ ಪ್ರಶ್ನೆ ಮುಖ್ಯ, ಏಕೆಂದರೆ ಗಾಯನದ ಸ್ವರ ಬದಲಾಗದೆ ಉಳಿದು ಅದರ ಕೆಳಗಿನ ಕಾರ್ಡ್ ಮಾತ್ರ ಸರಿದಾಗ, ಹಿಂದಿನ ಪ್ರಯೋಗದಲ್ಲಿ ಷಡ್ಜ ಸರಿದಾಗ ಆದಂಥದೇ ಮಾಯೆ ಸಣ್ಣ ಪ್ರಮಾಣದಲ್ಲಿ ನಡೆಯುತ್ತದೆ.

ಎಚ್ಚರಿಕೆ: ಶ್ರುತಿ ತೋರಿಸುವ ಟ್ಯೂನರ್ ಆ್ಯಪನ್ನು ಗಾಯನದ ಮುಂದೆ ಹಿಡಿದು ಸಂಖ್ಯೆಗಳನ್ನು ನಂಬಬೇಡಿ. ನಮ್ಮ ಗಾಯನದಲ್ಲಿ ಸ್ವರ ಒಂದೆಡೆ ನಿಲ್ಲುವುದು ಅಪರೂಪ. ಗಮಕದಲ್ಲಿ, ಅಂದರೆ ಸ್ವರವನ್ನು ತೂಗಿ, ಜಾರಿಸಿ, ನಡುಗಿಸಿ ಹಾಡುವ ಕ್ರಮದಲ್ಲಿ, ಮುಳ್ಳು ಅತ್ತಿಂದಿತ್ತ ಕುಣಿಯುತ್ತಲೇ ಇರುತ್ತದೆ. ಎಷ್ಟೋ ಸಲ ಮನಸ್ಸನ್ನು ಹಿಡಿದಿರುವುದು ಒಂದು ಸ್ವರದಿಂದ ಇನ್ನೊಂದಕ್ಕೆ ಹೋಗುವ ಆ ಜಾರುದಾರಿಯೇ. ಕೀಬೋರ್ಡಿನಲ್ಲಿ ಅದು ಸಿಗುವುದಿಲ್ಲ. ಅಂಥ ಕಡೆ ಸ್ವರಾಕ್ಷರಗಳ ನಡುವೆ ಬಾಗಿದ ಗೆರೆ ಎಳೆದು ಮುಂದುವರಿಯಿರಿ.

ಹಂತ 4: ತಾಳ, ವೇಗ, ನಡೆ

ಕಾಲು ತಾನಾಗಿ ಹಾಕುವ ಪೆಟ್ಟುಗಳನ್ನು 15 ಸೆಕೆಂಡು ಎಣಿಸಿ 4ರಿಂದ ಗುಣಿಸಿದರೆ ನಿಮಿಷಕ್ಕೆ ಎಷ್ಟು ಪೆಟ್ಟು ಎಂಬ ವೇಗ ಸಿಗುತ್ತದೆ. ಒಬ್ಬರಿಗೆ 70 ಎಂದೂ ಇನ್ನೊಬ್ಬರಿಗೆ 140 ಎಂದೂ ಬಂದರೆ ಇಬ್ಬರೂ ಸರಿ. ಒಬ್ಬರು ಎರಡು ಪೆಟ್ಟುಗಳನ್ನು ಒಂದಾಗಿ ಎಣಿಸಿದ್ದಾರೆ, ಅಷ್ಟೆ. ಪೆಟ್ಟುಗಳು ಎಷ್ಟಕ್ಕೊಮ್ಮೆ ಮೊದಲಿಗೆ ಮರಳುತ್ತವೆ ಎಂಬುದನ್ನೂ ಎಣಿಸಿ. ನಾಲ್ಕು ಅಥವಾ ಎಂಟಕ್ಕೆ ಮರಳುವ ಹಾಡುಗಳೇ ಹೆಚ್ಚು. ಮೂರು ಅಥವಾ ಆರಕ್ಕೆ ಮರಳುವುದು ತೂಗುವ ನಡೆ. ಐದಕ್ಕೆ ಮರಳಿದರೆ ಖಂಡ ಚಾಪು, ಏಳಕ್ಕೆ ಮರಳಿದರೆ ಮಿಶ್ರ ಚಾಪು.

ಭಾವದ ದೃಷ್ಟಿಯಿಂದ ತಾಳಕ್ಕಿಂತ ಹೆಚ್ಚು ಹೇಳುವುದು ಮಾತು ಎಲ್ಲಿ ಎದ್ದುಕೊಳ್ಳುತ್ತದೆ ಎಂಬುದು. ಸಾಲು ತಾಳದ ಮೊದಲ ಪೆಟ್ಟಿನ ಮೇಲೆಯೇ ಆರಂಭವಾದರೆ ಅದು ಸಮ. ಪೆಟ್ಟು ಬಿದ್ದ ಮೇಲೆ ತಡೆದು ಆರಂಭವಾದರೆ ಅನಾಗತ. ಪೆಟ್ಟಿಗೆ ಮುಂಚೆಯೇ ನುಗ್ಗಿದರೆ ಅತೀತ. ಸಮದಲ್ಲಿ ಎದ್ದ ಮಾತಿಗೆ ಘೋಷಣೆಯ ಗಟ್ಟಿತನವಿರುತ್ತದೆ. ಅನಾಗತದಲ್ಲಿ ಎದ್ದ ಮಾತು ಹೇಳಲೋ ಬೇಡವೋ ಎಂದು ಅಳುಕಿ ಆಮೇಲೆ ಬಾಯ್ಬಿಟ್ಟಂತೆ ಕೇಳುತ್ತದೆ. ಅಳುಕಿನ ಹಾಡುಗಳಲ್ಲಿ ಈ ಅರ್ಧ ಪೆಟ್ಟಿನ ತಡವನ್ನು ಹುಡುಕಿ ನೋಡಿ.

ಹಂತ 5: ದನಿ, ವಾದ್ಯ ಮತ್ತು ಖಾಲಿ ಜಾಗ

ಒಂದು ಸಲ ಗಾಯಕರ ದನಿಯನ್ನು ಪೂರ್ತಿ ಮರೆತು, ಹಿಂದಿನ ವಾದ್ಯಗಳನ್ನು ಮಾತ್ರ ಹಿಂಬಾಲಿಸಿ. ಯಾವ ವಾದ್ಯ ಯಾವಾಗ ಬಂತು ಎಂಬುದಕ್ಕಿಂತ ಯಾವುದು ಯಾವಾಗ ನಿಂತಿತು ಎಂಬುದನ್ನು ಹೆಚ್ಚು ಗಮನವಿಟ್ಟು ಬರೆಯಿರಿ. ನನಗೆ ಪ್ರಿಯವಾದ ಒಂದು ಹಾಡಿನಲ್ಲಿ ಮೇಲಿನ ಷಡ್ಜವೇ ಎದೆಗೆ ತಾಗುವುದೆಂದು ವರ್ಷಗಳ ಕಾಲ ನಂಬಿದ್ದೆ. ಈ ಹಂತದಲ್ಲಿ ತಿಳಿದದ್ದು, ಆ ಸ್ವರಕ್ಕೆ ಒಂದು ಪೆಟ್ಟು ಮೊದಲು ತಬಲಾ ಮತ್ತು ತಂತಿವಾದ್ಯಗಳೆಲ್ಲ ಒಟ್ಟಿಗೆ ನಿಂತುಬಿಡುತ್ತವೆ ಎಂಬುದು. ನನ್ನನ್ನು ತಾಗುತ್ತಿದ್ದುದು ಎತ್ತರವಲ್ಲ, ಆಸರೆಯಿಲ್ಲದೆ ಉಳಿದ ದನಿ.

ದನಿಯನ್ನು ಕೇಳುವಾಗ ಮಾತಿನ ಲಕ್ಷಣಗಳನ್ನೇ ಹುಡುಕಿ. ದುಃಖದಲ್ಲಿರುವ ಮನುಷ್ಯ ಮೆಲ್ಲಗೆ, ತಗ್ಗಿದ ದನಿಯಲ್ಲಿ, ನಿಧಾನವಾಗಿ ಮಾತನಾಡುತ್ತಾನೆ. ಸಂಗೀತವೂ ದುಃಖವನ್ನು ಇದೇ ಲಕ್ಷಣಗಳಿಂದ ತೋರಿಸುತ್ತದೆ ಎಂಬುದನ್ನು ಪ್ಯಾಟ್ರಿಕ್ ಯುಸ್ಲಿನ್ ಮತ್ತು ಪೆಟ್ರಿ ಲೌಕ್ಕಾ ಎಂಬ ಸಂಶೋಧಕರು 2003ರಲ್ಲಿ ಹಲವಾರು ಅಧ್ಯಯನಗಳನ್ನು ಒಟ್ಟಿಗೆ ಪರಿಶೀಲಿಸಿ ತೋರಿಸಿದ್ದಾರೆ. ಉಸಿರಿನ ಸದ್ದು ಕೇಳಿಸುತ್ತದೆಯೇ, ಪದದ ಕೊನೆ ಒಡೆಯುತ್ತದೆಯೇ, ಉದ್ದನೆಯ ಸ್ವರದಲ್ಲಿ ಕಂಪನ ಆರಂಭದಿಂದಲೇ ಇದೆಯೇ ಅಥವಾ ನೇರವಾಗಿ ನಿಂತು ಕೊನೆಯಲ್ಲಿ ಮಾತ್ರ ನಡುಗುತ್ತದೆಯೇ ಎಂದು ನೋಡಿ. ದನಿಯ ಜೊತೆ ಅನುರಣನ, ಅಂದರೆ ದೊಡ್ಡ ಹಜಾರದಲ್ಲಿ ಹಾಡಿದಂತೆ ದನಿ ಹಿಂಬಾಲಿಸಿ ಉಳಿಯುವ ಗುಣ, ಹೆಚ್ಚಿದ್ದರೆ ಹಾಡುವವರು ದೂರದಲ್ಲಿರುವಂತೆಯೂ, ಇಲ್ಲದಿದ್ದರೆ ಕಿವಿಯ ಪಕ್ಕದಲ್ಲೇ ಇರುವಂತೆಯೂ ತೋರುತ್ತದೆ.

ಹಂತ 6: ಸಾಹಿತ್ಯವನ್ನು ಅಚ್ಚಾದಂತೆ ಅಲ್ಲ, ಹಾಡಿದಂತೆ ಬರೆಯಿರಿ

ಸಾಹಿತ್ಯವನ್ನು ಎಲ್ಲಿಂದಲೋ ನಕಲು ಮಾಡಿಕೊಂಡು ಕವಿತೆಯಂತೆ ಓದಿ ಅರ್ಥ ಬಿಡಿಸುವುದು ಇಲ್ಲಿನ ದೊಡ್ಡ ತಪ್ಪು. ಹಾಡಿನಲ್ಲಿ ಯಾವ ಅಕ್ಷರ ಎಳೆಯಲ್ಪಟ್ಟಿದೆ, ಎಲ್ಲಿ ಉಸಿರು ಕತ್ತರಿಸಿದೆ, ಯಾವ ಪದ ಎರಡು ಸಲ ಬಂದಿದೆ ಎಂಬುದೆಲ್ಲ ಅರ್ಥದ ಭಾಗವೇ. ಕನ್ನಡದಲ್ಲಿ ಕ್ರಿಯಾಪದದ ಕಾಲವೂ ನಿಷೇಧವೂ ಪದದ ತುದಿಯಲ್ಲಿ ಬರುವುದರಿಂದ ರಾಗ ಹಾಕುವವರಿಗೆ ಅಪೂರ್ವವಾದ ಒಂದು ಅನುಕೂಲವಿದೆ. ‘ಬರಲಿಲ್ಲ’ ಎಂಬ ಪದವನ್ನೇ ತೆಗೆದುಕೊಳ್ಳಿ. ‘ಬರ’ ಎಂದು ಎಳೆದರೆ ಬರುವರೋ ಬಾರರೋ ತಿಳಿಯದು. ‘ಬರಲಿ’ ಎಂಬಲ್ಲಿ ತಡೆದರೆ ಅದು ಹಾರೈಕೆ. ಮುಂದಿನ ಪೆಟ್ಟಿಗೆ ‘ಇಲ್ಲ’ ಬಿದ್ದಾಗ ಆ ಹಾರೈಕೆಯೇ ಮುರಿದು ಬೀಳುತ್ತದೆ. ಅಚ್ಚಿನಲ್ಲಿ ಒಂದೇ ಪದ, ಹಾಡಿನಲ್ಲಿ ಮೂರು ಅವಸ್ಥೆ. ನಿಮ್ಮ ಕ್ಷಣದಲ್ಲಿರುವ ಪದವನ್ನು ಹೀಗೆ ತುಂಡರಿಸಿ, ರಾಗ ಅದನ್ನು ಎಲ್ಲಿ ತಡೆದಿದೆ ಎಂದು ನೋಡಿ.

ಸಾಲಿನ ಮಾತ್ರೆಗಳನ್ನೂ ಎಣಿಸಿ: ಲಘುವಿಗೆ (ಹ್ರಸ್ವಾಕ್ಷರಕ್ಕೆ) ಒಂದು, ಗುರುವಿಗೆ (ದೀರ್ಘಾಕ್ಷರಕ್ಕೆ, ಒತ್ತಕ್ಷರದ ಹಿಂದಿನ ಅಕ್ಷರಕ್ಕೆ) ಎರಡು. ರಗಳೆಗಳಲ್ಲಿ ಉತ್ಸಾಹ ಮೂರು ಮಾತ್ರೆಯ ಗಣಗಳಲ್ಲೂ, ಲಲಿತ ಐದು ಮಾತ್ರೆಯ ಗಣಗಳಲ್ಲೂ ನಡೆಯುವುದನ್ನು ಶಾಲೆಯಲ್ಲಿ ಓದಿದ್ದೀರಿ. ಮಾತಿನ ಗಣ ಮತ್ತು ತಾಳದ ನಡೆ ಒಂದೇ ಆದಾಗ ಹಾಡು ಸಲೀಸಾಗಿ ಹರಿಯುತ್ತದೆ. ಒಂದು ಕಡೆ ಮಾತ್ರ ಅವು ತಪ್ಪಿ, ಲಘುವಾಗಿರಬೇಕಾದ ಅಕ್ಷರ ಎರಡು ಪೆಟ್ಟು ನಿಂತರೆ, ಕಿವಿ ಆ ಪದವನ್ನು ಎತ್ತಿ ಇಟ್ಟುಕೊಳ್ಳುತ್ತದೆ.

ಭಾವಕ್ಕೆ ಹೆಸರು ಕೊಡುವಾಗ “ದುಃಖದ ಹಾಡು” ಎಂದು ಬರೆದು ಮುಗಿಸಬೇಡಿ. ಭರತನ ನಾಟ್ಯಶಾಸ್ತ್ರದ ಎಂಟು ಸ್ಥಾಯಿಭಾವ, ಮೂವತ್ತಮೂರು ವ್ಯಭಿಚಾರಿಭಾವಗಳ ವಿಂಗಡಣೆ ಇಲ್ಲಿ ಈಗಲೂ ಉಪಯುಕ್ತವಾಗಿದೆ. ಸ್ಥಾಯಿ ಎಂದರೆ ಕೆಳಗೆ ಉದ್ದಕ್ಕೂ ಉಳಿಯುವ ಭಾವ (ಮೇಲಿನ ಸ್ಥಾಯಿ, ಕೆಳಗಿನ ಸ್ಥಾಯಿ ಎಂದು ಸ್ವರಗಳಿಗೆ ಬಳಸುವ ಪದವೇ ಆದರೂ ಅರ್ಥ ಬೇರೆ). ವ್ಯಭಿಚಾರಿ ಎಂದರೆ ಅದರ ಮೇಲೆ ಬಂದು ಹೋಗುವ ಚಿಂತೆ, ಸ್ಮೃತಿ, ಹರ್ಷ, ಶಂಕೆ, ಔತ್ಸುಕ್ಯ ಮುಂತಾದವು. ಶೋಕದ ನಡುವೆ ಒಂದು ಗಳಿಗೆ ಹರ್ಷ ಮಿಂಚಿಹೋಗುವ ಹಾಡು, ಬರಿಯ ಶೋಕದ ಹಾಡಿಗಿಂತ ಹೆಚ್ಚು ಕಲಕುತ್ತದೆ ಎಂಬುದು ನನ್ನ ಅನುಭವ.

ಹಂತ 7: ಬದಲಿಸಿ ನೋಡಿ

ಈ ವೇಳೆಗೆ ನಿಮ್ಮ ಬಳಿ ನಾಲ್ಕೈದು ಶಂಕಿತ ಕಾರಣಗಳಿರುತ್ತವೆ. ಹೆಚ್ಚಿನ ವಿಶ್ಲೇಷಣೆಗಳು ಇಲ್ಲಿಗೇ ನಿಂತು, ಕಂಡದ್ದನ್ನೆಲ್ಲ ಕಾರಣವೆಂದು ಪಟ್ಟಿ ಮಾಡುತ್ತವೆ. ನೀವು ಹಾಗೆ ಮಾಡದೆ, ಒಂದು ಸಲಕ್ಕೆ ಒಂದನ್ನು ಮಾತ್ರ ಬದಲಿಸಿ, ಸೆಳೆತ ಉಳಿಯಿತೇ ಹೋಯಿತೇ ಎಂದು ನೋಡಿ. ದನಿ ಚೆನ್ನಾಗಿಲ್ಲ ಎಂಬ ಸಂಕೋಚ ಬೇಡ, ಕೇಳುವವರು ನೀವೊಬ್ಬರೇ.

ಮೊದಲು, ಮಾತುಗಳನ್ನು ಬಿಟ್ಟು ಆ ಸಾಲನ್ನು ಬರೀ ‘ಲ’ಕಾರದಲ್ಲಿ ಹಾಡಿ. ಸೆಳೆತ ಉಳಿದರೆ ಭಾರ ರಾಗದ ಮೇಲಿದೆ. ಆಮೇಲೆ ಅಷ್ಟೇ ಮಾತ್ರೆಗಳಿರುವ ಅರ್ಥಹೀನ ಮಾತುಗಳನ್ನು, ದಿನಸಿ ಪಟ್ಟಿಯನ್ನಾದರೂ ಸರಿ, ಅದೇ ರಾಗಕ್ಕೆ ಕೂರಿಸಿ ಹಾಡಿ. ನಗು ಬಂದರೆ ಬರಲಿ. ನಗುವಿನ ಕೆಳಗೂ ಆ ಎಳೆತ ಉಳಿದಿದೆಯೇ ಎಂಬುದು ಪ್ರಶ್ನೆ.

ಬಳಿಕ ಶಂಕಿತ ಸ್ವರವನ್ನು ಬದಲಿಸಿ. ಸಾಲು ಒರಗಿ ಜಾರುವ ಕಡೆ ನೇರವಾಗಿ ನೆಲೆಯ ಸ್ವರಕ್ಕೇ ಹೋಗಿ. ಹೊಸ ಸ್ವರ ಬಂದ ಕಡೆ ಹಳೆಯ ಸ್ವರವನ್ನೇ ಹಾಡಿ. ಸರಿಯಾದ ಕಾರಣ ಸಿಕ್ಕಿದ್ದರೆ, ಗಾಳಿ ತೆಗೆದ ಚೆಂಡಿನಂತೆ ಸಾಲು ಅಲ್ಲೇ ಕುಸಿಯುತ್ತದೆ. ಕುಸಿಯದಿದ್ದರೆ ನಿಮ್ಮ ಶಂಕೆ ತಪ್ಪು, ಅದನ್ನು ಹೊಡೆದುಹಾಕಿ. ವೇಗವನ್ನು ಕಾಲು ಭಾಗ ಹೆಚ್ಚಿಸಿಯೂ ತಗ್ಗಿಸಿಯೂ ಕೇಳಿ.

ಕೊನೆಯ ಪರೀಕ್ಷೆಯನ್ನು ಬಿಡಲೇಬೇಡಿ: ಹಾಡನ್ನು ಮೊದಲಿನಿಂದ ಕೇಳದೆ ನೇರವಾಗಿ ಆ ಸೆಕೆಂಡಿನಿಂದಲೇ ಆರಂಭಿಸಿ. ಬಹಳ ಸಲ ಏನೂ ಆಗುವುದಿಲ್ಲ. ಹಾಗಾದರೆ ಕಾರಣ ಆ ಕ್ಷಣದಲ್ಲಿಲ್ಲ, ಅದಕ್ಕೆ ಒಯ್ದ ದಾರಿಯಲ್ಲಿದೆ. ಆರಂಭದ ಬಿಂದುವನ್ನು ಐದೈದು ಸೆಕೆಂಡು ಹಿಂದಕ್ಕೆ ಸರಿಸುತ್ತಾ ಹೋಗಿ, ಎಲ್ಲಿಂದ ಕೇಳಿದರೆ ಸೆಳೆತ ಮರಳುತ್ತದೆ ಎಂದು ಕಂಡುಕೊಳ್ಳಿ. ಹಾಡು ತನ್ನ ಬಲೆಯನ್ನು ನೇಯಲು ತೊಡಗಿದ ಜಾಗ ಅದು. ಕಾಯುವಿಕೆಗೆ ಇಷ್ಟು ಬೆಲೆ ಇರುವುದಕ್ಕೆ ಮಿದುಳಿನಲ್ಲೂ ಆಧಾರವಿದೆ. ಮಾಂಟ್ರಿಯಲ್‌ನ ಮೆಕ್‌ಗಿಲ್ ವಿಶ್ವವಿದ್ಯಾಲಯದ ಸಂಶೋಧಕರು 2011ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಪ್ರಿಯವಾದ ಸಂಗೀತ ಕೇಳಿ ರೋಮಾಂಚಗೊಳ್ಳುವವರ ಮಿದುಳಿನಲ್ಲಿ ಡೋಪಮೈನ್ ಎಂಬ ರಾಸಾಯನಿಕ ಶಿಖರಕ್ಷಣದಲ್ಲಿ ಒಂದು ಭಾಗದಲ್ಲಿ ಬಿಡುಗಡೆಯಾದರೆ, ಅದಕ್ಕೆ ಮೊದಲಿನ ಕಾಯುವ ಹೊತ್ತಿನಲ್ಲಿ ಇನ್ನೊಂದು ಭಾಗದಲ್ಲಿ ಬಿಡುಗಡೆಯಾಗುವುದು ಕಂಡುಬಂದಿತ್ತು.

ಹಂತ 8: ನೆನಪಿನ ಪಾಲನ್ನು ಬೇರ್ಪಡಿಸಿ

ಸೆಳೆತವೆಲ್ಲ ಹಾಡಿನದೇ ಆಗಿರಬೇಕೆಂದಿಲ್ಲ. ಮಧ್ಯವಯಸ್ಸು ದಾಟಿದವರನ್ನು ಬದುಕಿನ ನೆನಪುಗಳನ್ನು ಹೇಳಲು ಕೇಳಿದರೆ, ಸುಮಾರು 10ರಿಂದ 30 ವರ್ಷ ವಯಸ್ಸಿನ ನಡುವಿನವು ಉಳಿದವುಗಳಿಗಿಂತ ಹೆಚ್ಚಾಗಿ ಬರುತ್ತವೆ ಎಂಬುದು ಮನೋವಿಜ್ಞಾನದಲ್ಲಿ ಚೆನ್ನಾಗಿ ತಿಳಿದ ಸಂಗತಿ. ಆ ವಯಸ್ಸಿನಲ್ಲಿ ಕೇಳಿದ ಹಾಡು ತನ್ನೊಂದಿಗೆ ಒಂದು ಕಾಲವನ್ನೇ ಹೊತ್ತು ತರುತ್ತದೆ.

ಇದನ್ನು ಅಳೆಯಲು ಎರಡು ಹಾಡುಗಳನ್ನು ಹುಡುಕಿ: ಅದೇ ದಿನಗಳಲ್ಲಿ ನೀವು ಅಷ್ಟೇ ಕೇಳಿದ, ಆದರೆ ಸಂಗೀತದಲ್ಲಿ ಸಂಬಂಧವಿಲ್ಲದ ಒಂದು, ಆ ದಿನಗಳಿಗೆ ಸಂಬಂಧವಿಲ್ಲದ, ಆದರೆ ಏಳನೆಯ ಹಂತದಲ್ಲಿ ಗೆದ್ದ ಕಾರಣವೇ ಇರುವ ಇನ್ನೊಂದು. ಮೊದಲನೆಯದು ಎಳೆದು ಎರಡನೆಯದು ಎಳೆಯದಿದ್ದರೆ ನೆನಪಿನ ಪಾಲು ದೊಡ್ಡದು. ಎರಡೂ ಎಳೆದರೆ ಎರಡೂ ಕೆಲಸ ಮಾಡುತ್ತಿವೆ. ಆ ಹಾಡನ್ನು ಎಂದೂ ಕೇಳದ ಒಬ್ಬರಿಗೆ ಕೇಳಿಸಿ ಗುರುತು ಹಾಕಿಸುವುದೂ ಒಳ್ಳೆಯದು, ಆದರೆ “ಇಲ್ಲಿ ಗಮನಿಸಿ” ಎಂದು ಮೊದಲೇ ಹೇಳಿ ಪರೀಕ್ಷೆಯನ್ನು ಕೆಡಿಸಬೇಡಿ. ನೆನಪಿನ ಪಾಲು ಹೆಚ್ಚೆಂದು ತಿಳಿದರೆ ನಾಚಿಕೆಪಡುವ ಅಗತ್ಯವಿಲ್ಲ; ಹಾಡು ಶ್ರೇಷ್ಠವಲ್ಲ ಎಂದೂ ಅದರ ಅರ್ಥವಲ್ಲ.

ಹಂತ 9: ಏಕೆ ಸವೆದಿಲ್ಲ?

ಮೊದಲ ಸಲ ಮರುಳುಮಾಡುವುದು ಬೇರೆ, ನೂರನೆಯ ಸಲವೂ ಸವೆಯದಿರುವುದು ಬೇರೆ. ಪದೇಪದೇ ಎದುರಾದದ್ದು ಪ್ರಿಯವಾಗುತ್ತದೆ ಎಂದು ಮನೋವಿಜ್ಞಾನಿ ರಾಬರ್ಟ್ ಝಾಯಂಟ್ಸ್ 1968ರಲ್ಲಿ ತೋರಿಸಿದರು. ಆದರೆ ಪರಿಚಯ ಹೆಚ್ಚಿದಂತೆ ಇಷ್ಟ ಏರಿ, ಒಂದು ಹಂತ ದಾಟಿದ ಮೇಲೆ ಇಳಿಯುತ್ತದೆ ಎಂಬುದು ಇನ್ನೊಬ್ಬ ಮನೋವಿಜ್ಞಾನಿ ಡೇನಿಯಲ್ ಬರ್ಲೈನ್ ಮುಂದಿಟ್ಟ ವಿಚಾರ. ಸರಳವಾದ ಹಾಡು ಬೇಗ ಏರಿ ಬೇಗ ಇಳಿಯುತ್ತದೆ. ಆದ್ದರಿಂದ ಬಾಳಿದ ಹಾಡಿನಲ್ಲಿ ಎರಡು ಸಂಗತಿಗಳನ್ನು ಹುಡುಕಿ.

ಮೊದಲನೆಯದು ಪದರ. ಐದನೆಯ ಹಂತದಲ್ಲಿ, ವರ್ಷಗಳಿಂದ ಕೇಳುತ್ತಿದ್ದರೂ ಗಮನಕ್ಕೆ ಬಂದಿರದ ಯಾವುದಾದರೂ ವಾದ್ಯದ ಎಳೆ ಸಿಕ್ಕಿತೇ? ಪಲ್ಲವಿ ಮರಳಿದಾಗಲೆಲ್ಲ ಅದನ್ನು ಹಾಡುವ ಬಗೆ ಒಂದೇ ಆಗಿದೆಯೇ, ಅಥವಾ ಒಂದೊಂದು ಸಲ ಒಂದೊಂದು ಬಳುಕೇ? ಎರಡನೆಯದು ಗೊತ್ತಿದ್ದೂ ಮೋಸಹೋಗುವ ಗುಣ. ಮುಂದೆ ಏನು ಬರುತ್ತದೆ ಎಂಬುದು ಈ ಹಾಡಿನ ಮಟ್ಟಿಗೆ ನಿಮಗೆ ಗೊತ್ತು. ಆದರೆ ಸಾವಿರಾರು ಹಾಡುಗಳಿಂದ ಕಿವಿಗೆ ಅಂಟಿದ ರೂಢಿ ಪ್ರತಿಸಲವೂ “ಸಾಲು ಮನೆಗೆ ಹೋಗುತ್ತದೆ” ಎಂದೇ ಊಹಿಸುತ್ತದೆ. ಜಮ್ಶೇದ್ ಭರೂಚಾ ಎಂಬ ಸಂಶೋಧಕರು ಈ ಎರಡು ಬಗೆಯ ನಿರೀಕ್ಷೆಗಳನ್ನು ಬೇರೆಮಾಡಿ ತೋರಿಸಿದ್ದಾರೆ. ರೂಢಿಗೆ ವಿರುದ್ಧವಾದ ತಿರುವು ಎಷ್ಟು ಪರಿಚಿತವಾದರೂ ಸ್ವಲ್ಪ ಅನಿರೀಕ್ಷಿತವಾಗಿಯೇ ಉಳಿಯುವುದು ಇದರಿಂದ. ಏಳನೆಯ ಹಂತದಲ್ಲಿ ಗೆದ್ದ ಕಾರಣ ಇಂಥ ತಿರುವೇ ಆಗಿದ್ದರೆ ಬಾಳಿಕೆಗೂ ಅದೇ ಉತ್ತರ.

ಹಂತ 10: ಬರೆದಿಡಿ

ಒಂದು ಪುಟ ಮೀರದಿರಲಿ. ಸೆಕೆಂಡು, ಅಲ್ಲಿ ನಡೆದದ್ದು, ಯಾವ ಬದಲಾವಣೆಯಿಂದ ಸೆಳೆತ ಹೋಯಿತು, ನೆನಪಿನ ಪಾಲು ಎಷ್ಟು ಎಂಬುದನ್ನು ಈ ಕ್ರಮದಲ್ಲೇ ಬರೆಯಿರಿ. ‘ಅದ್ಭುತ’, ‘ಅಮರ’, ‘ಮಂತ್ರಮುಗ್ಧ’ ಎಂಬ ಪದಗಳು ಬಂದ ಕಡೆ ನಿಲ್ಲಿಸಿ, ಅಲ್ಲಿ ಒಂದು ಸ್ವರವನ್ನೋ ಪೆಟ್ಟನ್ನೋ ಅಕ್ಷರವನ್ನೋ ಹೆಸರಿಸಲು ಸಾಧ್ಯವೇ ನೋಡಿ. ಸಾಧ್ಯವಿಲ್ಲದಿದ್ದರೆ ಆ ವಾಕ್ಯ ಬೇಡ.

ಹೀಗೆ ಬಿಡಿಸಿದರೆ ಹಾಡಿನ ಸವಿ ಕೆಡುವುದಿಲ್ಲವೇ ಎಂದು ಹಲವರು ಕೇಳುತ್ತಾರೆ. ಕೆಲವು ದಿನ ಕೆಡುತ್ತದೆ: ಹಾಡು ಕೇಳದೆ ಬಿಡಿಭಾಗಗಳೇ ಕೇಳಿಸುತ್ತವೆ. ಆಗ ಹಾಡನ್ನೂ ಟಿಪ್ಪಣಿಯನ್ನೂ ನಾಲ್ಕಾರು ವಾರ ಮುಟ್ಟದೆ ಇಡಿ. ಮರಳಿ ಕೇಳುವ ದಿನ ಹಳೆಯ ಪುಟ ತೆರೆಯುವ ಮುನ್ನ ಮೊದಲ ಹಂತದಂತೆಯೇ ಸಮಯ ಗುರುತು ಹಾಕಿ. ಅದೇ ಸೆಕೆಂಡಿಗೆ ಗುರುತು ಬಿದ್ದರೆ ನಿಮ್ಮ ಕೆಲಸ ಸರಿಯಾಗಿದೆ. ಬೇರೆಡೆ ಬಿದ್ದರೆ, ಹೊಸ ಗುರುತನ್ನು ನಕ್ಷೆಯ ಮೇಲೆ ಕೂರಿಸಿ ಎರಡನೆಯ ಹಂತದಿಂದ ಮತ್ತೆ ಆರಂಭಿಸಿ.